ಕಪ್ಪು ದಾರದ ಎರಡು ಹೊಲಿಗೆ

ನನ್ನ ತಂಗಿಯ ನಕ್ಷೆಯಲ್ಲಿ ತಪ್ಪಿದೆ ಅಂತ ಗೊತ್ತಾದ ಸೋಮವಾರ ನಾನು ಹಾಡು ಗುನುಗುತ್ತಾ ಮನೆಗೆ ಹೋದೆ. ನಾನು ಗುನುಗುವವಳಲ್ಲ. ನನ್ನ ಗಂಡ ಪೇಪರಿನಿಂದ ತಲೆ ಎತ್ತಿ, "ಏನು, ಪ್ರಮೋಷನ್ನಾ?" ಅಂದರು. "ಅದಕ್ಕಿಂತ ಜಾಸ್ತಿ," ಅಂದೆ. ಈಗ ಹೇಳಿಕೊಳ್ಳಲು ನಾಚಿಕೆಯಾಗುತ್ತದೆ. ಆವತ್ತು ಆಗಲಿಲ್ಲ, ಹಾಲು ಕುಡಿದಷ್ಟು ಸಂತೋಷವಾಗಿತ್ತು.

ತಂಗಿ ಕಿವಿ, ಮೂಗು, ಗಂಟಲಿನ ಸರ್ಜನ್. ನಾನು ಅದೇ ಆಸ್ಪತ್ರೆಗೆ ಸೇರಿದ ಮೆಡಿಕಲ್ ಕಾಲೇಜಿನ ನೆಲಮಾಳಿಗೆಯಲ್ಲಿ, ದಾನವಾಗಿ ಬಂದ ದೇಹಗಳಿಂದ ಪಾಠಕ್ಕೆ ಬೇಕಾದ ಮಾದರಿಗಳನ್ನು ತಯಾರು ಮಾಡುವವಳು. ಅವಳಿಗೆ ನಾಲ್ಕನೇ ಮಹಡಿ, ಎಸಿ, ಕಿಟಕಿ. ನನಗೆ ಎಕ್ಸಾಸ್ಟ್ ಫ್ಯಾನು, ಫಾರ್ಮಲಿನ್ ವಾಸನೆ. ಅಮ್ಮ ಮನೆಗೆ ಬಂದವರಿಗೆಲ್ಲ ನಮ್ಮನ್ನು ಹೀಗೆ ಪರಿಚಯಿಸುತ್ತಾಳೆ: "ಇವಳು ನನ್ನ ಚಿಕ್ಕವಳು, ದೊಡ್ಡ ಡಾಕ್ಟರು. ಅವಳು ದೊಡ್ಡವಳು. ಅವಳಿಗೂ ಆಸ್ಪತ್ರೇಲೇ ಏನೋ ಕೆಲಸ." ಇಪ್ಪತ್ತು ವರ್ಷದಿಂದ ಆ "ಏನೋ" ನನ್ನ ಗಂಟಲಲ್ಲಿ ಮೀನಿನ ಮುಳ್ಳಿನ ಹಾಗೆ ಸಿಕ್ಕಿಕೊಂಡಿದೆ.

ನನ್ನ ಆ ಏನೋ ಕೆಲಸ ಇದು. ನಾಲಿಗೆಗೆ ಎಲುಬಿಲ್ಲ, ಹೇಗೆ ಬೇಕಾದರೂ ಹೊರಳುತ್ತದೆ ಅಂತ ಜನ ಬೈಯುತ್ತಾರೆ. ಎಲುಬಿಲ್ಲ ನಿಜ, ಆದರೆ ಅದಕ್ಕೆ ಇಬ್ಬರು ಯಜಮಾನರಿದ್ದಾರೆ. ಎಡಕ್ಕೊಂದು, ಬಲಕ್ಕೊಂದು ನರ ಕೆಳಗಿನಿಂದ ಹತ್ತಿ ಬಂದು, ಕವಲೊಡೆದು, ಆ ಇಡೀ ಮಾಂಸವನ್ನು ಆಡಿಸುತ್ತವೆ. ರುಚಿಗೆ, ಬಿಸಿ ತಣ್ಣಗೆ ತಿಳಿಯುವುದಕ್ಕೆ ಬೇರೆ ನರಗಳಿವೆ. ನಾಲಿಗೆ ಅಲ್ಲಾಡಬೇಕು ಅಂದರೆ ಮಾತ್ರ ಈ ಜೋಡಿಯೇ ಗತಿ. ಒಂದಕ್ಕೆ ಪೆಟ್ಟಾದರೂ ಚಾಚಿದ ನಾಲಿಗೆ ಪೆಟ್ಟಾದ ಕಡೆಗೆ ವಾಲುತ್ತದೆ, ಮಾತು ತೊದಲುತ್ತದೆ, ಕುಡಿದ ನೀರು ದಾರಿ ತಪ್ಪುತ್ತದೆ.

ಈ ನರಗಳು ಎಲ್ಲೆಲ್ಲಿ ಹೋಗುತ್ತವೆ ಅಂತ ಕತ್ತರಿಸಿ ನೋಡಹೊರಟರೆ, ನೋಡುವಷ್ಟರಲ್ಲಿ ಅರ್ಧ ನರವೇ ಕತ್ತರಿಸಿ ಹೋಗಿರುತ್ತದೆ. ಅದಕ್ಕೇ ನಾನು ಕತ್ತರಿಸುವುದಿಲ್ಲ, ನೆನೆಸುತ್ತೇನೆ. ಒಂದಾದ ಮೇಲೊಂದು ದ್ರಾವಣದಲ್ಲಿ ತಿಂಗಳುಗಟ್ಟಲೆ ಇಟ್ಟರೆ ಮಾಂಸವೆಲ್ಲ ಗಾಜಿನಂತಾಗಿ, ನರ ಮಾತ್ರ ನೇರಳೆ ಬಣ್ಣದಲ್ಲಿ ಉಳಿಯುತ್ತದೆ. ಒಂದು ನಾಲಿಗೆಗೆ ಏಳು ತಿಂಗಳು. ಅವಸರ ಮಾಡಿದರೆ ಗಂಜಿಯಾಗುತ್ತದೆ. ಇಪ್ಪತ್ತು ವರ್ಷದಲ್ಲಿ ಮೂವತ್ತೊಂದು ಜಾಡಿ ಮಾಡಿದ್ದೇನೆ. ಬೆಳಕಿಗೆ ಹಿಡಿದರೆ ಒಳಗಿನ ಒಂದೊಂದು ಎಳೆಯೂ ಕಾಣುತ್ತದೆ.

ಇಲ್ಲೊಂದು ತೊಂದರೆ ಇದೆ. ನೆನೆಸಿದ ಕಾಳು ಉಬ್ಬುವ ಹಾಗೆ ನಾಲಿಗೆಯೂ ಉಬ್ಬುತ್ತದೆ. ಎಷ್ಟು ಉಬ್ಬಿತು ಅಂತ ತಿಳಿಯಲು ನನ್ನದೇ ಒಂದು ಪದ್ಧತಿ ಮಾಡಿಕೊಂಡಿದ್ದೆ. ನೆನೆಸುವ ಮೊದಲು ಬಲ ಅಂಚಿನಲ್ಲಿ ಕಪ್ಪು ದಾರದ ಎರಡು ಹೊಲಿಗೆ ಹಾಕುತ್ತೇನೆ, ನಡುವೆ ಸರಿಯಾಗಿ ಎರಡು ಸೆಂಟಿಮೀಟರ್. ಮಾಂಸ ಉಬ್ಬಿದರೆ ಹೊಲಿಗೆಗಳೂ ದೂರ ಸರಿಯುತ್ತವೆ. ಏಳು ತಿಂಗಳಾದ ಮೇಲೆ ಅಳೆದರೆ ಎರಡು ಇದ್ದದ್ದು ಎರಡೂವರೆಗೆ ಹತ್ತಿರ ಬಂದಿರುತ್ತದೆ. ಹೆಚ್ಚು ಕಡಿಮೆ ಐದು ಇದ್ದದ್ದು ಆರು. ಅದನ್ನು ನೀಲಿ ರಟ್ಟಿನ ಪುಸ್ತಕದಲ್ಲಿ ಬರೆದಿಡುತ್ತೇನೆ. ಜಾಡಿಯೊಳಗಿನ ಯಾವ ಅಳತೆಯನ್ನೇ ಆಗಲಿ, ಆ ಪುಸ್ತಕ ನೋಡಿ ಕುಗ್ಗಿಸದೆ ನಂಬುವ ಹಾಗಿಲ್ಲ.

ಎರಡು ವರ್ಷದ ಹಿಂದೆ ತಂಗಿ ಮೊದಲ ಸಲ ನೆಲಮಾಳಿಗೆಗೆ ಇಳಿದು ಬಂದಳು. ಮೂಗಿಗೆ ಕರ್ಚೀಫು ಹಿಡಿದುಕೊಂಡೇ ಬಂದಳು.

"ಅಕ್ಕ, ನಿನ್ನ ಜಾಡಿಗಳನ್ನ ಒಂದು ವಾರ ಕೊಡ್ತೀಯಾ? ಫೋಟೋ ತೆಗೆದು ಅಳತೆ ಮಾಡ್ಕೊಂಡು ವಾಪಸ್ ಕೊಡ್ತೀನಿ."

ಅವಳ ಹತ್ತಿರ ಬರುವ ರೋಗಿಗಳಿಗೆ ನಿದ್ದೆಯಲ್ಲಿ ನಾಲಿಗೆಯ ಬುಡ ಹಿಂದಕ್ಕೆ ಬಿದ್ದು ಉಸಿರು ಕಟ್ಟುತ್ತದೆ. ಗಾಳಿ ಊದುವ ಮಾಸ್ಕ್ ಹಾಕಿಕೊಂಡು ಮಲಗಲಾಗದವರಿಗೆ ಬುಡದ ನಡುಭಾಗವನ್ನು ಸ್ವಲ್ಪ ತೆಗೆಯಬೇಕು. ಎಷ್ಟು ಅಗಲ ತೆಗೆದರೆ ನರ ಸಿಗುವುದಿಲ್ಲ ಎನ್ನುವುದೇ ಪ್ರಶ್ನೆ. ಹೆಚ್ಚು ತೆಗೆದರೆ ಮಾತು ಹೋಗುತ್ತದೆ, ಕಡಿಮೆ ತೆಗೆದರೆ ಉಸಿರು ಮತ್ತೆ ಕಟ್ಟುತ್ತದೆ. ಅದಕ್ಕೆ ಉತ್ತರ ನನ್ನ ಜಾಡಿಗಳಲ್ಲಿತ್ತು.

ಜಾಡಿ ಕೇಳಿದಳು, ಜಾಡಿ ಕೊಟ್ಟೆ. ಪುಸ್ತಕ ಕೇಳಲಿಲ್ಲ, ಕೊಡಲಿಲ್ಲ. "ಅಕ್ಕ, ಇದನ್ನ ಹೇಗೆ ಮಾಡಿದೆ?" ಅಂತ ಒಂದು ಮಾತು ಕೇಳಿದ್ದರೆ ಕೂರಿಸಿಕೊಂಡು ಎಲ್ಲ ಹೇಳುತ್ತಿದ್ದೆ. ಅವಳು ಕರ್ಚೀಫಿನ ಹಿಂದಿನಿಂದ "ಥ್ಯಾಂಕ್ಸ್ ಅಕ್ಕ" ಅಂದು ಹೋದಳು.

ಆ ಸೋಮವಾರ ಅಮ್ಮನನ್ನು ಅವಳ ರೂಮಿಗೆ ಕರೆದುಕೊಂಡು ಹೋಗಿದ್ದೆ. ಅಮ್ಮನಿಗೂ ಅದೇ ಕಾಯಿಲೆ. ನಿದ್ದೆಯಲ್ಲಿ ಅವಳ ಉಸಿರು ನಿಂತಾಗ ಪಕ್ಕದಲ್ಲಿ ಮಲಗಿದವರ ಜೀವ ಬಾಯಿಗೆ ಬರುತ್ತದೆ. ಮಾಸ್ಕ್ ಹಾಕಿದರೆ ಕಿತ್ತೆಸೆದು, "ನಾನೇನು ಪೈಲಟ್ಟಾ?" ಅಂತ ಜಗಳವಾಡುತ್ತಾಳೆ. ರೂಮಿನ ಗೋಡೆಯ ಮೇಲೆ ಹೊಸದಾಗಿ ಚೌಕಟ್ಟು ಹಾಕಿದ ದೊಡ್ಡ ನಕ್ಷೆ ತೂಗುತ್ತಿತ್ತು. ನನ್ನ ಹದಿನಾಲ್ಕನೇ ಜಾಡಿಯ ಫೋಟೋ, ಮೇಲೆ ಹಸಿರು ಪಟ್ಟಿ. ನಡುಗೆರೆಯಿಂದ ಎರಡೂ ಕಡೆ ಹನ್ನೆರಡು ಮಿಲಿಮೀಟರ್ ಸುರಕ್ಷಿತ ಅಂತ ಬರೆದಿತ್ತು. ಕೆಳಗೆ ತಂಗಿಯ ಹೆಸರು. ಅದಕ್ಕೂ ಕೆಳಗೆ, ಇರುವೆ ಸಾಲಿನಂಥ ಅಕ್ಷರದಲ್ಲಿ, "ಮಾದರಿಗಳು: ಅಂಗರಚನಾ ವಿಭಾಗದ ಕೃಪೆ."

ಕೈ ಕೆಸರಾದರೆ ಬಾಯಿ ಮೊಸರು ಅಂತಾರೆ. ಕೆಸರಾದ ಕೈ ನನ್ನದು, ಮೊಸರಾದ ಬಾಯಿ ಅವಳದು. ಹೊಟ್ಟೆಯೊಳಗೆ ಕೆಂಡ ಸುರಿದ ಹಾಗಾಯಿತು. ಅಮ್ಮ ಕುರ್ಚಿಯಲ್ಲಿ ಕೂತು, "ನೋಡೇ, ಎಷ್ಟು ಚೆನ್ನಾಗಿ ಮಾಡಿದ್ದಾಳೆ. ಕಲಿಯೋರು ಕಲಿತಾರೆ," ಅಂದಳು.

ನಾನು ನೋಡಿದೆ. ಹನ್ನೆರಡು. ಹದಿನಾಲ್ಕನೇ ಜಾಡಿಯ ಲೆಕ್ಕ ನನಗೆ ಬಾಯಿಪಾಠ. ಅದರ ನರ ಬದುಕಿದ್ದಾಗ ನಡುಗೆರೆಯಿಂದ ಹನ್ನೊಂದರ ಆಸುಪಾಸಿನಲ್ಲಿತ್ತು. ನೆನೆದು ಉಬ್ಬಿದ ನಾಲಿಗೆಯ ಮೇಲೆ ನೇರವಾಗಿ ಸ್ಕೇಲ್ ಇಟ್ಟು ಅಳೆದಿದ್ದಾಳೆ! ಫೋಟೋದಲ್ಲಿ ಬಲ ಅಂಚಿಗೆ ನನ್ನ ಎರಡು ಕಪ್ಪು ಹೊಲಿಗೆಗಳು ಎದ್ದು ಕಾಣುತ್ತಿದ್ದವು.

"ಪುಟ್ಟಿ, ಈ ದಾರ ಏನು?" ಅಂದೆ.

"ಅದಾ? ಬಲಗಡೆ ಯಾವುದು ಅಂತ ಗೊತ್ತಾಗ್ಲಿ ಅಂತ ನೀನೇ ಹಾಕಿರೋ ಗುರುತಲ್ವಾ," ಅಂದಳು, ಫೋನಿನಿಂದ ಕಣ್ಣು ತೆಗೆಯದೆ.

ಎಷ್ಟೋ ಕಡೆ ಬಲಗಡೆಗೆ ಹಾಗೆ ದಾರದ ಗುರುತು ಹಾಕುವುದುಂಟು, ಅವಳ ಊಹೆ ಹುಚ್ಚು ಊಹೆಯೇನಲ್ಲ. ನಾನು ಆಗಲೇ ಬಾಯಿ ಬಿಡಬೇಕಿತ್ತು. ಬಿಡಲಿಲ್ಲ. ಹಸಿರು ಪಟ್ಟಿಯ ಹನ್ನೆರಡರಲ್ಲಿ ನಂಬಬಹುದಾದದ್ದು ಹತ್ತು. ಉಳಿದ ಎರಡು ಮಿಲಿಮೀಟರ್ ಅಂದರೆ ಬೆಂಕಿಕಡ್ಡಿಯ ದಪ್ಪ. ಆ ಬೆಂಕಿಕಡ್ಡಿಯ ದಪ್ಪದಲ್ಲಿ ನರ ಇತ್ತು, ನನ್ನ ಇಪ್ಪತ್ತು ವರ್ಷವೂ ಇತ್ತು.

ಮುಂದಿನ ವಾರದ ಶನಿವಾರ ಕಾಲೇಜಿನ ದೊಡ್ಡ ಸಭಾಂಗಣದಲ್ಲಿ ಅವಳ ಭಾಷಣವಿತ್ತು. ಹೊರಗಿನಿಂದ ಸರ್ಜನ್‌ಗಳು ಬರುವವರಿದ್ದರು. ಅವಳು ಮುಗಿಸಿ, "ಪ್ರಶ್ನೆಗಳಿದ್ದರೆ ಕೇಳಿ," ಅಂದಾಗ ನಾನು ಹಿಂದಿನ ಸಾಲಿನಿಂದ ಎದ್ದು ನಿಲ್ಲುತ್ತೇನೆ. "ಆ ಎರಡು ಕಪ್ಪು ಹೊಲಿಗೆ ಯಾಕೆ ಅಂತ ಹೇಳಬಹುದಾ, ಡಾಕ್ಟರೇ?" ಅಷ್ಟೇ ಕೇಳುತ್ತೇನೆ. ಆ ಪ್ರಶ್ನೆಯನ್ನು ಒಂದು ಚೀಟಿಯಲ್ಲಿ ಬರೆದು ಪರ್ಸಿನಲ್ಲಿಟ್ಟುಕೊಂಡೆ. ಬಸ್ಸಿನಲ್ಲಿ ತೆಗೆದು ಓದಿಕೊಳ್ಳುತ್ತಿದ್ದೆ, ಪ್ರೇಮಪತ್ರದ ಹಾಗೆ.

ಅಮ್ಮನ ಆಪರೇಷನ್, ಡಾಕ್ಟರ ತಾಯಿ ಅಂತ ವಾರದ ಸರದಿ ಬಿಟ್ಟು, ಭಾಷಣದ ನಂತರದ ಮಂಗಳವಾರಕ್ಕೆ ನಿಗದಿಯಾಗಿತ್ತು. ಅಷ್ಟರಲ್ಲಿ ನಕ್ಷೆ ಸರಿಯಾಗಿರುತ್ತದೆ, ಅಮ್ಮನಿಗೆ ಏನೂ ಆಗುವುದಿಲ್ಲ. ಎಲ್ಲ ಲೆಕ್ಕ ಹಾಕಿದ್ದೆ. ಪ್ರತಿ ಗುರುವಾರ ಅವರ ವಿಭಾಗದಲ್ಲಿ ಈ ಆಪರೇಷನ್ ನಡೆಯುತ್ತದೆ ಅನ್ನುವುದೂ ನನಗೆ ಗೊತ್ತಿತ್ತು. ಅದನ್ನು ಮಾತ್ರ ಲೆಕ್ಕಕ್ಕೆ ಸೇರಿಸಿಕೊಳ್ಳಲಿಲ್ಲ.

ಆ ಗುರುವಾರ ಒಬ್ಬ ಬಸ್ ಕಂಡಕ್ಟರ್‌ಗೆ ಆಪರೇಷನ್ ಆಯಿತು. ಹಿಂದಿನ ತಿಂಗಳವರೆಗೆ ಹೆದರಿ ಹೆದರಿ ಸಣ್ಣದಾಗಿ ತೆಗೆಯುತ್ತಿದ್ದವರು, ನಕ್ಷೆ ಬಂದ ಮೇಲೆ ಮೊದಲ ಸಲ ಹಸಿರು ಪಟ್ಟಿಯ ಅಂಚಿನವರೆಗೆ ಹೋಗಿದ್ದರು. ಭಾನುವಾರ ಅಮ್ಮನ ಮನೆಯಲ್ಲಿ ಊಟಕ್ಕೆ ಕೂತಾಗ ತಂಗಿ, "ಸ್ವಲ್ಪ ತೊದಲ್ತಿದ್ದಾನೆ, ಊತ ಇರಬೇಕು, ಇಳಿಯುತ್ತೆ," ಅಂದಳು. ಆ ಮಾತು ನನಗೆ ಬಿಸಿತುಪ್ಪ, ನುಂಗುವ ಹಾಗೂ ಇಲ್ಲ, ಉಗುಳುವ ಹಾಗೂ ಇಲ್ಲ.

ಸೋಮವಾರ ಯಾವುದೋ ಫೈಲಿನ ನೆಪ ಮಾಡಿಕೊಂಡು ವಾರ್ಡಿಗೆ ಹೋದೆ. ಮೂವತ್ತೈದರ ಆಸುಪಾಸಿನ ಗಟ್ಟಿಮುಟ್ಟಾದ ಮನುಷ್ಯ, ಮೂಗಿಗೆ ಆಹಾರದ ನಳಿಗೆ. ನನ್ನ ಬಿಳಿ ಕೋಟು ನೋಡಿ ಡಾಕ್ಟರ್ ಅಂದುಕೊಂಡ.

"ನಾಲಿಗೆ ಚಾಚಿ ನೋಡೋಣ," ಅಂದೆ.

ಚಾಚಿದ. ಎಡಕ್ಕೆ ವಾಲಿತು.

"ಸಲಿ ಹೋಗುತ್ತಲ್ವಾ ಅಕ್ಕಾ? ಸ್ಟಾಪ್ ಹೆಸಲು ಕೂಗ್ಬೇಕಲ್ಲ ನಾನು," ಅಂದ, ನಗುತ್ತಲೇ.

"ಸ್ವಲ್ಪ ದಿನ ಬೇಕು," ಅಂದೆ. ಹೊರಗೆ ಬಂದು ಮೆಟ್ಟಿಲ ಮೇಲೆ ಕೂತೆ. ಆಗಲೂ ಹೇಳಲಿಲ್ಲ. ಆದದ್ದು ಆಗಿಹೋಯಿತು, ಈ ಗುರುವಾರ ಭಾಷಣದ ತಯಾರಿಗಾಗಿ ಅವರು ಆಪರೇಷನ್ ಇಟ್ಟುಕೊಂಡಿಲ್ಲ, ಇನ್ನು ಐದೇ ದಿನ ಅಂತ ನನಗೆ ನಾನೇ ಹೇಳಿಕೊಂಡೆ. ಹೊಟ್ಟೆಕಿಚ್ಚಿಗೆ ಅದರದೇ ವಕೀಲ ಇರುತ್ತಾನೆ, ಬಹಳ ಚೆನ್ನಾಗಿ ವಾದಿಸುತ್ತಾನೆ.

ಶುಕ್ರವಾರ ಬೆಳಿಗ್ಗೆ, ಭಾಷಣಕ್ಕೆ ಒಂದು ದಿನ ಮೊದಲು, ನಾನು ಜಾಡಿಗಳ ಧೂಳು ಒರೆಸುತ್ತಿದ್ದಾಗ ತಂಗಿಯ ಫೋನ್ ಬಂತು.

"ಅಕ್ಕ, ಇವತ್ತು ಬೇರೆ ವಿಭಾಗದ ಒಬ್ಬ ಪೇಷೆಂಟ್ ಬರಲಿಲ್ಲ, ಥಿಯೇಟರ್ ಖಾಲಿ ಇದೆ. ಅಮ್ಮ ಹೇಗೂ ನಿನ್ನೆನೇ ಟೆಸ್ಟಿಗೆ ಅಡ್ಮಿಟ್ ಆಗಿದ್ದಾಳೆ, ಖಾಲಿ ಹೊಟ್ಟೇಲೂ ಇದ್ದಾಳೆ. ಇವತ್ತೇ ತಗೋತಾರೆ. ಹತ್ತು ಗಂಟೆಗೆ."

ಗಡಿಯಾರದಲ್ಲಿ ಒಂಬತ್ತು ಹದಿನೈದು. "ಯಾರು ಮಾಡ್ತಾರೆ?" ಅಂದೆ.

"ನನ್ನ ಕೊಲೀಗ್. ಸ್ವಂತ ಅಮ್ಮನಿಗೆ ನಾನು ಕೈ ಹಾಕೋ ಹಾಗಿಲ್ಲ. ಪಕ್ಕದಲ್ಲಿ ನಿಂತಿರ್ತೀನಿ. ನಕ್ಷೆ ನಂದೇ ಅಲ್ವಾ, ಭಯ ಯಾಕೆ?"

ನಾನು ಒಂದು ಕುತಂತ್ರ ಮಾಡಿದೆ. "ಅಮ್ಮನಿಗೆ ವಯಸ್ಸಾಗಿದೆ, ಅಗಲ ಸ್ವಲ್ಪ ಕಡಿಮೆ ತೆಗೀಲಿ ಪುಟ್ಟಿ."

"ಕಡಿಮೆ ತೆಗೆದ್ರೆ ಪ್ರಯೋಜನ ಏನಕ್ಕ? ಮತ್ತೆ ಉಸಿರು ಕಟ್ಟುತ್ತೆ. ನೀನು ಸುಮ್ನೆ ಹೆದರ್ಬೇಡ," ಅಂದು ಫೋನ್ ಇಟ್ಟಳು.

ಪರ್ಸಿನಿಂದ ಚೀಟಿ ತೆಗೆದು ಮೇಜಿನ ಮೇಲಿಟ್ಟೆ. ಈಗ ಹೇಳಿದರೆ ಅವಳು ಸಂಜೆಯೊಳಗೆ ನಕ್ಷೆ ತಿದ್ದುತ್ತಾಳೆ, ನಾಳೆ ಸರಿಯಾದ ನಕ್ಷೆ ತೋರಿಸಿ ಚಪ್ಪಾಳೆ ಹೊಡೆಸಿಕೊಳ್ಳುತ್ತಾಳೆ. ಅವಳ ಮುಖ ಪೆಚ್ಚಾಗುವುದನ್ನು ನೋಡುವ ಆ ಒಂದು ಗಳಿಗೆ ನನಗೆ ಇನ್ನೆಂದೂ ಸಿಗುವುದಿಲ್ಲ. ಹೇಳದಿದ್ದರೆ ಅಮ್ಮ. ಈ ಅಮ್ಮನ ನಾಲಿಗೆಯಿಂದ ನಾನು ತಿಂದ ಪೆಟ್ಟು ಒಂದೆರಡಲ್ಲ. ಅದು ಸ್ವಲ್ಪ ಸುಮ್ಮನಾದರೆ ಏನಂತೆ ಅಂತ ಒಂದು ಕ್ಷಣ ಅನ್ನಿಸಿತು. ಹೌದು, ಅನ್ನಿಸಿತು. ಮರುಕ್ಷಣ ಆ ಕಂಡಕ್ಟರನ ನಾಲಿಗೆ ಅಮ್ಮನ ಬಾಯಲ್ಲಿ ಎಡಕ್ಕೆ ವಾಲಿದ್ದು ಕಣ್ಣಿಗೆ ಕಟ್ಟಿತು. ನನಗೆ ಬೈಯಲು ಹೋಗಿ ಮಾತು ಹೊರಡದೆ ಒದ್ದಾಡುವ ಅಮ್ಮ. ಅದನ್ನು ನೋಡಲು ನನ್ನಿಂದಾಗುತ್ತಿರಲಿಲ್ಲ.

ಒಂಬತ್ತು ಮುಕ್ಕಾಲಿಗೆ ನೀಲಿ ಪುಸ್ತಕ, ಹದಿನಾಲ್ಕನೇ ಜಾಡಿ ಎರಡನ್ನೂ ಎದೆಗೆ ಅವಚಿಕೊಂಡು ಓಡಿದೆ. ಲಿಫ್ಟು ಎಂದಿನಂತೆ ಬರಲಿಲ್ಲ. ನಾಲ್ಕು ಮಹಡಿ ಹತ್ತುವಷ್ಟರಲ್ಲಿ ಏದುಸಿರು. ಥಿಯೇಟರಿನ ಹೊರಗೆ ಅಮ್ಮ ಸ್ಟ್ರೆಚರಿನ ಮೇಲೆ ಹಸಿರು ಟೋಪಿ ಹಾಕಿಕೊಂಡು ಮಲಗಿದ್ದಳು. ನನ್ನನ್ನು ನೋಡಿ, "ಇದ್ಯಾವ ಉಪ್ಪಿನಕಾಯಿ ತಂದ್ಯೇ ಇಲ್ಲಿಗೆ?" ಅಂದಳು.

ಕೈ ತೊಳೆಯುವ ಜಾಗದಲ್ಲಿ ತಂಗಿ ಮತ್ತು ಆಪರೇಷನ್ ಮಾಡಬೇಕಿದ್ದ ಕನ್ನಡಕದ ಸರ್ಜನ್ ನಿಂತಿದ್ದರು. ಜಾಡಿಯನ್ನು ಕಟ್ಟೆಯ ಮೇಲಿಟ್ಟು ಸ್ಕೇಲ್ ತೆಗೆದು ಹೊಲಿಗೆಗಳ ನಡುವೆ ಹಿಡಿದೆ.

"ಎಷ್ಟಿದೆ ಓದು."

"ಎರಡು ಪಾಯಿಂಟ್ ನಾಲ್ಕು," ಅಂದಳು ತಂಗಿ. "ಏನೀಗ?"

"ನಾನು ಹೊಲಿದಾಗ ಎರಡಿತ್ತು. ಮೂವತ್ತೊಂದರಲ್ಲೂ ಎರಡೇ. ಇದು ಬಲಗಡೆ ಗುರುತಲ್ಲ ಪುಟ್ಟಿ, ಅಳತೆಗೋಲು. ನಾಲಿಗೆ ನೆನೆದು ಉಬ್ಬಿದೆ. ನಿನ್ನ ಹನ್ನೆರಡು ಹನ್ನೆರಡಲ್ಲ, ಹತ್ತು."

ಅವಳ ಮುಖದ ಬಣ್ಣ ಇಳಿಯಿತು. ನಾನು ಇಪ್ಪತ್ತು ವರ್ಷ ಕಾದ ಮುಖ ಅದೇ. ಸುಳ್ಳು ಯಾಕೆ ಹೇಳಲಿ, ಆ ಓಟದ ನಡುವೆಯೂ ಅದನ್ನು ನೋಡಿ ನನ್ನೊಳಗೆ ಏನೋ ತಣ್ಣಗಾಯಿತು. ಕನ್ನಡಕದವರು ನೀಲಿ ಪುಸ್ತಕ ತಿರುವಿದರು. "ಹತ್ತರೊಳಗೆ ತೆಗೆದರೆ ಇವರಿಗೆ ಸಾಲೋದಿಲ್ಲವಲ್ಲ," ಅಂದರು.

"ಅಗಲಕ್ಕೆ ಹೋಗಬೇಡಿ, ಹಿಂದಕ್ಕೆ ಹೋಗಿ," ಅಂದೆ. ಜಾಡಿಯನ್ನು ದೀಪಕ್ಕೆ ಹಿಡಿದು ತೋರಿಸಿದೆ. "ನಡುಗೆರೆಯ ಮೇಲೆ ನೋಡಿ, ಬುಡದವರೆಗೂ ದಪ್ಪ ನರ ಒಂದೂ ಇಲ್ಲ. ಮೂವತ್ತೊಂದು ಜಾಡಿಯಲ್ಲೂ ಇಲ್ಲ. ಕಿರಿದಾಗಿ, ಉದ್ದಕ್ಕೆ ತೆಗೆಯಿರಿ."

ಅವರು ಬಹಳ ಹೊತ್ತು ನೋಡಿದರು. ಆಮೇಲೆ ನನ್ನನ್ನು "ಮೇಡಂ" ಅಂತ ಕರೆದು ಇನ್ನೂ ನಾಲ್ಕು ಪ್ರಶ್ನೆ ಕೇಳಿದರು. ನಾಲ್ಕನೇ ಮಹಡಿಯಲ್ಲಿ ಯಾರಾದರೂ ನನ್ನನ್ನು ಪ್ರಶ್ನೆ ಕೇಳಿದ್ದು ಅದೇ ಮೊದಲು.

ಒಳಗೆ ಹೋಗುವ ಮುಂಚೆ ತಂಗಿ ನನ್ನ ತೋಳು ಹಿಡಿದಳು. "ಅಕ್ಕ, ನಿಂಗೆ ಯಾವಾಗ ಗೊತ್ತಾಯ್ತು ಇದು?"

"ಇವತ್ತು ಬೆಳಿಗ್ಗೆ. ಜಾಡಿ ಒರೆಸ್ತಾ ಇದ್ದೆ," ಅಂದೆ.

ಎಲುಬಿಲ್ಲದ ನಾಲಿಗೆ, ಸಲೀಸಾಗಿ ಹೊರಳಿತು.

ಆಪರೇಷನ್ ಚೆನ್ನಾಗಿ ಆಯಿತು. ಶನಿವಾರದ ಭಾಷಣವನ್ನು ತಂಗಿಯೇ ಮುಂದೂಡಿದಳು. ಯಾರೂ ಕೇಳದೆಯೇ, "ನಕ್ಷೆಯಲ್ಲಿ ತಪ್ಪಿದೆ, ತಿದ್ದಬೇಕು," ಅಂತ ಮೇಲಿನವರಿಗೆ ಬರೆದುಕೊಟ್ಟಳು. ಕಂಡಕ್ಟರನ ಹಾಸಿಗೆಯ ಪಕ್ಕ ಕೂತು, "ನನ್ನ ಅಳತೆ ತಪ್ಪಿತ್ತು," ಅಂತ ಅವನಿಗೂ ಹೇಳಿದಳಂತೆ. ಅದಕ್ಕೂ ನನಗೆ ಹೊಟ್ಟೆ ಉರಿಯಿತು. ತಪ್ಪು ಒಪ್ಪಿಕೊಳ್ಳುವುದರಲ್ಲೂ ಅವಳೇ ಮುಂದು.

ಭಾನುವಾರ ಅಮ್ಮ ಮಾತಾಡಬಹುದು ಅಂದರು. ಅವಳನ್ನು, ಗಂಡಸರು ಹೆಂಗಸರು ಅನ್ನದೆ ಉಸಿರಿನ ಮೇಲೆ ಕಣ್ಣಿಡಬೇಕಾದವರನ್ನೆಲ್ಲ ಒಟ್ಟಿಗೆ ಇಡುವ ಅದೇ ವಾರ್ಡಿನಲ್ಲಿ, ಕಂಡಕ್ಟರನ ಎದುರಿನ ಹಾಸಿಗೆಯಲ್ಲಿ ಹಾಕಿದ್ದರು. ನಾನು, ತಂಗಿ ಇಬ್ಬರೂ ಹೋದೆವು. ಅಮ್ಮ ನೀರು ಕುಡಿದು ಗಂಟಲು ಸರಿಮಾಡಿಕೊಂಡು, ಇಡೀ ವಾರ್ಡಿಗೆ ಕೇಳುವ ಹಾಗೆ ಶುರುಮಾಡಿದಳು. "ನನ್ನ ಚಿಕ್ಕವಳು ಇಲ್ಲದಿದ್ರೆ ನಾನು ಬದುಕ್ತಾನೇ ಇರಲಿಲ್ಲ. ಎಂಥಾ ತಲೆ ಅವಳದ್ದು!"

ಒಳಗೆ ಆ ಹಳೇ ಕೆಂಡ ಕೆದರಿತು. ಆದರೆ ಕಿವಿ ಬೇರೆಯದೇ ಕೆಲಸದಲ್ಲಿತ್ತು. ಚಿಕ್ಕವಳು ಅನ್ನುವಾಗ ಳಕಾರಕ್ಕೆ ನಾಲಿಗೆ ಹಿಂದಕ್ಕೆ ಮಡಚಬೇಕು. ಮಡಚಿತು. ರಕಾರಕ್ಕೆ ಅದುರಬೇಕು. ಅದುರಿತು. ಎರಡೂ ನರ ನೆಟ್ಟಗಿವೆ. ಅಮ್ಮನ ಬಾಯಲ್ಲಿ ಆ ಮಾತನ್ನು ಉಳಿಸಿಕೊಟ್ಟವಳು ನಾನು.

"ಇನ್ನೊಂದ್ಸಲ ಹೇಳಮ್ಮ," ಅಂದೆ.

ಅಮ್ಮ ಅನುಮಾನದಿಂದ ನೋಡಿದಳು. "ಯಾಕೆ, ಹೊಟ್ಟೆ ಉರೀತಿದ್ಯಾ?"

"ಹೂಂ, ಉರೀತಿದೆ. ಹೇಳು."

"ನನ್ನ ಚಿಕ್ಕವಳು ಇಲ್ಲದಿದ್ರೆ..."

"ಅಮ್ಮಾ, ಸಾಕು," ಅಂದಳು ತಂಗಿ. "ನಾನಲ್ಲ, ಅಕ್ಕ. ಅವಳು ಓಡಿ ಬರದಿದ್ರೆ ನಿನ್ನ ನಾಲಿಗೆ ಹೋಗ್ತಿತ್ತು. ಹೊಸ ನಕ್ಷೇಲಿ ಅವಳ ಹೆಸರೇ ಮೊದಲು. ನಾನು ಬರೆದಾಗಿದೆ." ಹಾಗಂದು ನನ್ನ ಕೈ ಹಿಡಿದುಕೊಂಡಳು. ಅಮ್ಮ ಬಾಯಿ ತೆರೆದು ನನ್ನನ್ನೇ ನೋಡಿದಳು. ಆ ನೋಟಕ್ಕಾಗಿ ನಾನು ಎಷ್ಟು ವರ್ಷ ಹಂಬಲಿಸಿದ್ದೆನೋ.

ಎದುರಿನ ಹಾಸಿಗೆಯಿಂದ ಕಂಡಕ್ಟರ್ ನಕ್ಕ. ಅವನಿಗೆ ಯಾರ ಮಾತು ಕೇಳಿದರೂ ತಿರುಗಿ ಹೇಳಿ ಅಭ್ಯಾಸ ಮಾಡಿ ಅಂತ ಹೇಳಿದ್ದರು. ಪಾಪ, ಅಮ್ಮನ ಮಾತನ್ನೇ ಹಿಡಿದುಕೊಂಡಿದ್ದ. "ಚಿಕ್ಕವಲು," ಅಂದ. ತಲೆಯಾಡಿಸಿ ಮತ್ತೆ ಪ್ರಯತ್ನಿಸಿದ. "ಚಿಕ್ಕವಲು." ಆಮೇಲೆ ನನ್ನ ಕಡೆ ಕೈಮುಗಿದು, "ನಂಗೆ ಯೋಗ ಇಲಲಿಲ್ಲ ಅಕ್ಕಾ. ನಿಮ್ಗೆ ಒಂದತ್ತು ದಿನ ಮೊದ್ಲು ಗೊತ್ತಾಗಿದ್ದಿದ್ಲೆ..." ಅಂದ. ಮಾತು ಮುಗಿಸಲಾಗದೆ, ಪರವಾಗಿಲ್ಲ ಅನ್ನುವ ಹಾಗೆ ಕೈಯಾಡಿಸಿದ.

ತಂಗಿಯ ಕೈ ಬೆಚ್ಚಗಿತ್ತು. ಹೊಸ ನಕ್ಷೆಯಲ್ಲಿ ನನ್ನ ಹೆಸರು ಮೊದಲು. ಇನ್ನು ಬಾಯಿ ಮುಚ್ಚಿಕೊಂಡಿದ್ದರೆ ಸಾಕಿತ್ತು, ಎಲ್ಲವೂ ನನ್ನದಾಗುತ್ತಿತ್ತು.

"ಪುಟ್ಟಿ," ಅಂದೆ. "ನಂಗೆ ಗೊತ್ತಾಗಿದ್ದು ಶುಕ್ರವಾರ ಬೆಳಿಗ್ಗೆ ಅಲ್ಲ."

"ಮತ್ತೆ?"

"ಅಮ್ಮನ್ನ ನಿನ್ನ ರೂಮಿಗೆ ಕರ್ಕೊಂಡು ಬಂದಿದ್ನಲ್ಲ, ಆ ಸೋಮವಾರ."

ಅವಳು ಕಂಡಕ್ಟರನ ಹಾಸಿಗೆಯ ಕಾಲ್ದೆಸೆಯಲ್ಲಿ ತೂಗುಹಾಕಿದ್ದ ಹಲಗೆಯ ಕಡೆ ತಿರುಗಿದಳು. ಆಪರೇಷನ್ನಿನ ತಾರೀಕು ಅಲ್ಲಿ ಬರೆದಿತ್ತು. ಅದನ್ನು ಓದಿದಳು, ಬೆರಳು ಮಡಚಿ ಎಣಿಸಿದಳು, ಎಣಿಸಲು ಬೆರಳು ಬೇಕಿದ್ದರಿಂದ ನನ್ನ ಕೈ ಬಿಟ್ಟಳು. ಎಣಿಸಿ ಮುಗಿದ ಮೇಲೆ ಮತ್ತೆ ಹಿಡಿದುಕೊಳ್ಳಲಿಲ್ಲ.